ನೀಲಾಂಬಿಕಾ, ಹೋಗೂ ಮೊದಲ

ಮಾಗಡಿ ಕೆರಿ ಏರಿ ಮ್ಯಾಲ ಕುಂತು ಕೇಳಿದಿ:
ಅಲ್ಲಿ ಹ್ಯಾಂಗಿರ್ತೈತಿ, ಅಕ್ಕಾ?
ಅರ್ಜಿಯೊಳಗ ಬರದದ್ದು ಒಂದು, ಇರೂದು ಒಂದು.
ಹೇಳ್ತೇನಿ, ಚಾ ಆರೂದ್ರೊಳಗ.

ದ್ವೀಪದ ದೋಣಿ ಹತ್ತೂ ಮೊದಲ
ಬಿಳೇ ಕ್ವಾಣ್ಯಾಗ ನಿನ್ನ ಚೀಲ ಬೋರಲ ಹಾಕ್ತಾರ.
ಕಿಸೆ ಹೊರಳಿಸಿ, ಬೂಟಿನ ತಳಾ ತಿಕ್ಕಿ,
ಹೊಲಿಗಿ ಹೊಲಿಗಿಗೂ ಬ್ಯಾಟರಿ ಹಿಡೀತಾರ.
ನನ್ನ ಚೀಲದ ಮೂಲ್ಯಾಗ ಸಿಕ್ಕಿತು
ಒಂದಽ ಒಂದು ಗುರೆಳ್ಳು,
ಅವ್ವನ ಚಟ್ನಿಪುಡಿ ಗಂಟಿನಿಂದ ಜಾರಿದ್ದು.
ಚಿಮಟಾದಿಂದ ಎತ್ತಿ, ಡಬ್ಬ್ಯಾಗ ಹಾಕಿ, ಚೀಟಿ ಅಂಟಿಸಿದ್ರು:
ಹೊರಗಿನ ಬೀಜ, ತಾರೀಖು, ನನ್ನ ಹೆಸರು.
ನಗು ಬಂತು. ಆಮ್ಯಾಲ ಬರಲಿಲ್ಲ.

ಪಗಾರ ಎಷ್ಟ ಅಂತ ಅಪ್ಪ ಕೇಳಿದ್ದ. ಇಲ್ಲಂದೆ.
ಊಟ? ನಮ್ಮದಽ. ಮಲಗಾಕ ಮಂಚ ಕೊಡ್ತಾರ.
ಲಕ್ಷ್ಮೇಶ್ವರದ ಪ್ಯಾಟ್ಯಾಗ ಮೂವತ್ತು ವರ್ಷ
ಮಂದಿ ಗಾದಿಗೆ ಹತ್ತಿ ಹಿಂಜಿದಾಂವ
ಮೂರು ದಿನ ಮಾತಾಡಲಿಲ್ಲ.
ನಾಕನೇ ದಿನ ಒಂದು ದಿಂಬು ತಂದಿಟ್ಟ:
ಮಂಚ ಅವರದಿರಲಿ, ತಲಿ ನಿಂದೈತಿ.
ಆ ದಿಂಬಿನ ಹೊಲಿಗಿ ಬಿಚ್ಚಿದ್ರು ನೀಲಾ, ನನ್ನ ಕಣ್ಣ ಮುಂದ.
ಅರ್ಧಾ ತಾಸು ಹುಡುಕಿದ್ರು.
ಬೀಜ ಇಲ್ಲ. ಬೀಜದ ಸಿಪ್ಪಿ ಸೈತ ಇಲ್ಲ.
ಫೋನ್ ಹಚ್ಚಿ ಹೇಳಿದ್ರ ಅಪ್ಪ ಅಂದ, "ಮತ್ತ?"
ಅಷ್ಟಽ. ಆದ್ರ ಭಾಳೊತ್ತು ಫೋನ್ ಇಡಲಿಲ್ಲ.

ಹಕ್ಕಿ ನೋಡಾಕ ಹೊಂಟೇನಿ ಅಂದ್ಕೋಬ್ಯಾಡ.
ಮೊದಲ ಹದಿನೈದು ದಿನ ನಾ ಬಕೆಟ್ ತೊಳದೆ.
ದ್ವೀಪಕ್ಕ ಇಲಿ ಬಂದಾವೋ ಏನೋ ಅಂತ
ಚಾಕಲೇಟ್ ವಾಸನಿ ಮೇಣದ ತುಂಡು
ಕಲ್ಲಿನ ಸಂದಿಗೆ ಇಟ್ಟಿರ್ತಾರ, ಎಂಬತ್ತಾರು.
ಒಂದೊಂದರ ಮ್ಯಾಲೂ ಹಲ್ಲಿನ ಗುರುತು ಹುಡುಕಬೇಕು.
ಸಿಗಬಾರದಪ್ಪಾ ಅಂತ ಬೇಡ್ಕೊಂತ ಹುಡುಕೂ ಕೆಲಸ
ಅದಕ್ಕೂ ಮೊದಲ ಮಾಡಿರಲಿಲ್ಲ.
ಹಕ್ಕಿ ನೆಲದಾಗ ಬಿಲಾ ತೋಡಿ ಕುಂದರ್ತಾವ.
ಬೋರಲ ಮಲಗಿ, ಹೆಗಲಮಟಾ ಕೈ ಹಾಕಬೇಕು ಕತ್ತಲಿಗೆ.
ಕಚ್ಚಿದ್ರ ಕೈ ಜಗ್ಗಬ್ಯಾಡ, ಖುಷಿ ಪಡು:
ಮನಿ ಖಾಲಿ ಇಲ್ಲ.
ಆ ಮೀನೆಣ್ಣಿ ನಾತ ಮಾತ್ರ ದುಪಟ್ಟಾ ಬಿಡೂದಿಲ್ಲ.
ಅವ್ವ ಇನ್ನೂ ಬ್ಯಾರೆ ಬುಟ್ಟ್ಯಾಗ ನೆನೆ ಇಡ್ತಾಳ.

ಆರು ಮಂದಿ, ಒಂದು ಒಲಿ.
ಹೊತ್ತು ಮುಳುಗೂದು ರಾತ್ರಿ ಹತ್ತೂವರಿಗೆ;
ಮಗ್ರಿಬಿಗೆ ಕಾದು ಕುಂತಲ್ಲೇ ನಿದ್ದಿ ಹೋಗೇನಿ ಎಷ್ಟೋ ಸಲ.
ನನ್ನ ಪಾಳಿ ದಿನ ಜುಣಕ ಮಾಡಿದ್ರ
ಒಬ್ಬಾಕಿ ಅತಗೊಂತ ಇನ್ನೊಂದು ಸಲ ಹಾಕಿಸ್ಕೊಂಡ್ಲು.
ಜಗಳ ಆಗೂದು ಖಾರಕ್ಕಲ್ಲ,
ಖಾಲಿ ಹಾಲಿನ ಡಬ್ಬಿ ತಿರುಗಿ ಒಳಗಿಟ್ಟದ್ದಕ್ಕ.
ಅಳು ಬಂದ್ರ ನೀರಿನ ಟಾಕಿ ಹಿಂದ ಹೋಗು.
ಅಲ್ಲಿ ಮೊದಲಽ ಯಾರರೆ ಇದ್ರ, ಸ್ವಲ್ಪ ತಡದು ಹೋಗು.

ಒಂದು ಮಾತು ಕೇಳೇ ಕೇಳ್ತಾರ: ನಿಮ್ಮೂರಾಗ ಯಾವ ಹಕ್ಕಿ?
ಕಾಗಿ, ಗುಬ್ಬಿ, ಅಂದಿದ್ದೆ ನಾ.
ಮಂಗೋಲಿಯಾದಾಕಿ ಓಯುನ್, ಆಲೂಗಡ್ಡಿ ಸುಲಿಯೂದು ಬಿಟ್ಟು,
ನಮ್ಮ ಪಟ್ಟಿತಲಿ ಹೆಬ್ಬಾತು ಚಳಿಗಾಲಕ್ಕ ನಿಮ್ಮ ಕಡೆ ಬರ್ತಾವಲ್ಲ,
ಅಲ್ಲಿ ಏನು ತಿಂತಾವ, ಅಂದ್ಲು.
ಬ್ಯಾರೆ ಊರಿಗೆ ಕೊಟ್ಟ ಮಗಳ ಸುದ್ದಿ ಕೇಳಿದಂಗ.
ಈ ಕೆರಿ ಬಾಜೂಕ ಬಸ್ಸಿನ್ಯಾಗ ಮೂರು ವರ್ಷ
ಗದಗಿನ ಕಾಲೇಜಿಗೆ ಹೋದಾಕಿ ನಾ.
ಗೊತ್ತಿಲ್ಲಂದೆ.

ಅದಕ್ಕಽ ನಿನ್ನ ಇಲ್ಲಿ ಕರಕೊಂಡು ಬಂದದ್ದು.
ಅಗೋ, ಶೇಂಗಾ ಹೊಲದಿಂದ ತಿರುಗಿ ಬರಾಕತ್ಯಾವ.
ಎಣಿಸು. ತಪ್ಪಿದ್ರ ಮತ್ತ ಎಣಿಸು.
ನಂದು ನಾನೂರಾ ಹನ್ನೊಂದು. ನಿಂದು?

ಇರಲಿ, ಬಸ್ ಬಂತು.
ಆ ದಿಂಬು ಅಲ್ಲೇ ಬಿಟ್ಟು ಬಂದೇನಿ,
ಮ್ಯಾಲಿನ ಮಂಚ, ಕಿಡಕಿ ಕಡೆ.
ತಲಿ ಇಟ್ಟು ನೋಡು.
ಒಂದರೆ ಬೀಜ ಹತ್ತಿದ್ರ ನನಗ ಹೇಳು,
ಅಪ್ಪಗ ಹೇಳೂದಿಲ್ಲ ನಾ.